ತೊಕಿಯೆ ಅಕ್ಕನ ಭಾರದ ಕಾಲು

ಅಕ್ಟೋಬರ್ ನಡುವಿಗೆ ನಮ್ಮೂರಿನಲ್ಲಿ ಹಿಮದ ಹುಳುಗಳು ಏಳುತ್ತವೆ. ಸೊಳ್ಳೆಗಿಂತ ಸಣ್ಣವು, ಬೆನ್ನಿಗೆ ಚೂರು ಹತ್ತಿ ಅಂಟಿಸಿಕೊಂಡಂತೆ ಬೆಳ್ಳಗಿರುತ್ತವೆ. ಅವು ಹಾರಿದ ಹತ್ತು ಹನ್ನೆರಡು ದಿನಕ್ಕೆ ಮೊದಲ ಹಿಮ ಬೀಳುತ್ತದೆ ಎನ್ನುವುದು ಜಪಾನಿನ ಉತ್ತರ ತುದಿಯ ಈ ಹೊಕ್ಕೈದೊದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ಹುಳು ಹಾರುವಾಗ ನಮ್ಮ ಜನ ಬಾಯಿಗೆ ಕೈ ಅಡ್ಡ ಹಿಡಿದು ನಡೆದುಬಿಡುತ್ತಾರೆ, ನನ್ನ ಪೆಟ್ರೋಲ್ ಬಂಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಮಾತ್ರ ನಲವತ್ತು ಕಾರು ಒಟ್ಟಿಗೇ ಬಂದು ಸಾಲು ನಿಲ್ಲುತ್ತವೆ, ಎಲ್ಲರಿಗೂ ಆ ಗಳಿಗೆಯಲ್ಲೇ ಚಳಿಗಾಲದ ಟೈರು ಹಾಕಿಕೊಡಬೇಕು. ಬಾಯಾರಿದಾಗ ಬಾವಿ ತೋಡುವ ಜನ. ಮೂವತ್ತು ವರ್ಷದಿಂದ ಬೈಯುತ್ತಿದ್ದೇನೆ. ಅವರು ನಗುತ್ತಾ ಬಿಸಿ ಮೆಕ್ಕೆಜೋಳದ ಸಾರಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಮತ್ತೆ ಸಾಲಿಗೆ ಹೋಗುತ್ತಾರೆ.

ನಾನು ಮಿತ್ಸುಯೊ. ಬಂಕು ಗಂಡನ ಹೆಸರಿನಲ್ಲಿದೆ, ಜಾಕು ನನ್ನ ಕೈಯಲ್ಲಿದೆ. ಅವನು ಮನೆಮನೆಯ ಟ್ಯಾಂಕಿಗೆ ಸೀಮೆಎಣ್ಣೆ ತುಂಬಿಸಿ ಬರುತ್ತಾನೆ, ಟೈರಿನ ಕೆಲಸವೆಲ್ಲ ನನ್ನದು. ಅವನ ಬೆನ್ನು ಸರಿಯಿಲ್ಲ, ನನ್ನ ಬಾಯಿ ಸರಿಯಿಲ್ಲ ಎಂದು ಊರಿನವರು ಹೇಳುತ್ತಾರೆ. ಎರಡೂ ನಿಜ.

ಈ ವರ್ಷ ಹುಳು ಹಾರಿದ ದಿನವೇ ಒಬ್ಬರು ಬಂದರು. ಕುನಿಹಿಕೊ ಅವರು. ನಮ್ಮೂರಿಗೆ ರೈಲು ಇದ್ದ ಕಾಲದಲ್ಲಿ ಅದನ್ನು ಓಡಿಸುತ್ತಿದ್ದವರು, ಮೂವತ್ತೊಂಬತ್ತು ವರ್ಷ ಒಂದು ನಿಮಿಷ ಮುಂದಿಲ್ಲ, ಒಂದು ನಿಮಿಷ ಹಿಂದಿಲ್ಲ. ಹಳಿ ಕಿತ್ತು ಆರು ವರ್ಷವಾಯಿತು, ಆದರೂ ಊರಿಗೆಲ್ಲ ಅವರು ಇವತ್ತಿಗೂ ಡ್ರೈವರೇ. ರೈಲಿನವರು ಪ್ರತಿಯೊಂದಕ್ಕೂ ಬೆರಳು ತೋರಿಸಿ ಗಟ್ಟಿಯಾಗಿ ಹೇಳಬೇಕಲ್ಲ, ‘ಸಿಗ್ನಲ್, ಸರಿ’, ‘ಬಾಗಿಲು, ಸರಿ’ ಎಂದು, ಆ ಚಾಳಿ ಇವರನ್ನು ಬಿಟ್ಟಿಲ್ಲ. ಒಲೆ ಆರಿಸಿ ‘ಒಲೆ, ಸರಿ’ ಎನ್ನುತ್ತಾರೆ. ಚಪ್ಪಲಿ ಬಿಟ್ಟು ‘ಚಪ್ಪಲಿ, ಸರಿ’ ಎನ್ನುತ್ತಾರೆ. ಪಾಯಖಾನೆಯಿಂದ ಹೊರಗೆ ಬಂದು ಏನೆನ್ನುತ್ತಾರೆ ಎನ್ನುವುದನ್ನು ಅವರ ಹೆಂಡತಿ ತೊಕಿಯೆ ಅಕ್ಕ ನನಗೆ ಹೇಳಿದ್ದಾಳೆ, ನಾನು ನಿಮಗೆ ಹೇಳುವುದಿಲ್ಲ.

ಇಂಥ ಮನುಷ್ಯ ಅವತ್ತು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ತಮ್ಮ ಪುಟ್ಟ ಕಾರಿಗೆ ನಾಲ್ಕು ಹೊಸ ಟೈರು ಎತ್ತಿಡಲು ಹೇಳಿದರು. ಹದಿನಾಲ್ಕು ಇಂಚಿನವು, ಗಾಲಿಯ ಸಮೇತ. ಮನೆಯಲ್ಲಿ ಗೊತ್ತಾಗಬಾರದು ಎಂದರು. ಹೆಂಡತಿಗೆ ಗುಟ್ಟಾಗಿ ಉಡುಗೊರೆ ಕೊಡುವ ಗಂಡಸು ನಮ್ಮೂರಿನಲ್ಲೂ ಒಬ್ಬನಿದ್ದಾನಲ್ಲ ಎಂದು ನಾನು ಖುಷಿಪಟ್ಟು, ನಾಲ್ಕನ್ನೂ ಅಟ್ಟಕ್ಕೆ ಏರಿಸಿ, ಮೇಲೆ ಸೀಮೆಸುಣ್ಣದಲ್ಲಿ ಅವರ ಹೆಸರು ಬರೆದೆ. ಎಂಥ ಪೆದ್ದಿ ನಾನು.

ಆ ಕಾರಿನ ವಿಷಯ ಇಲ್ಲಿ ಹೇಳಿಬಿಡಬೇಕು. ರೈಲಿನಲ್ಲಿ ಒಮ್ಮೆಯೂ ವೇಗದ ಮಿತಿ ಮೀರದವರು, ನಿವೃತ್ತಿಯಾದ ಮೇಲೆ ತಮ್ಮ ಹಳೆಯ ದೊಡ್ಡ ಕಾರಿನಲ್ಲಿ ಎರಡು ಸಲ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಎರಡನೆಯ ಸಲ ತೊಕಿಯೆ ಅಕ್ಕ ಅವರಿಂದ ಮಾತು ತೆಗೆದುಕೊಂಡಳು. ಈ ಕಾರು ಮಾರಬೇಕು, ಹಳದಿ ನಂಬರ್ ಫಲಕದ ಪುಟ್ಟ ಕಾರು ತರಬೇಕು (ನಮ್ಮಲ್ಲಿ ಸಣ್ಣ ಎಂಜಿನ್ನಿನ ಕಾರಿಗಷ್ಟೇ ಹಳದಿ ಫಲಕ), ಅದರಲ್ಲೂ ಸಾದಾ ಎಂಜಿನ್ನಿನದು. ಡ್ರೈವರು ತಲೆಯಾಡಿಸಿದರು. ಮೇ ತಿಂಗಳಿನಲ್ಲಿ ಕೆನೆ ಬಣ್ಣದ ಪುಟ್ಟ ಕಾರು ಬಂತು. ಪಕ್ಕದ ಮನೆಯ ಹಸೆಬೆ, ಅಂಚೆ ಕಚೇರಿಯಲ್ಲಿದ್ದರಲ್ಲ ಅವರು, ಅವರ ಕಾರೂ ಅದೇ, ಬಣ್ಣವೂ ಅದೇ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ಬಸಿರಿನಲ್ಲಿ ಹುಟ್ಟಿದವು ಎನ್ನಬೇಕು.

ಎರಡೇ ತಿಂಗಳು ಓಡಿಸಿದರು ಡ್ರೈವರು. ಜುಲೈ ಕೊನೆಗೆ ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ, ಎರಡೂ ಕಣ್ಣಿನ ಅಂಚು ಮಂಜಾಗುತ್ತಿದೆ, ನೇರ ಮುಂದಿನದಷ್ಟೇ ಕಾಣುತ್ತಿದೆ, ಇನ್ನು ಸ್ಟಿಯರಿಂಗ್ ಮುಟ್ಟಬಾರದು ಎಂದರು. ಆ ವಾರವೇ ಹೋಗಿ ಲೈಸೆನ್ಸ್ ಹಿಂದಕ್ಕೆ ಕೊಟ್ಟು ಬಂದರು. ನನಗೆ ಅವತ್ತು ಅವರನ್ನು ಗೇಲಿ ಮಾಡಲು ಮನಸ್ಸು ಬರಲಿಲ್ಲ.

ಮನೆಯಲ್ಲಿ ಇನ್ನೊಂದು ಲೈಸೆನ್ಸ್ ಇತ್ತು. ತೊಕಿಯೆ ಅಕ್ಕನದು, ಚಿನ್ನದ ಪಟ್ಟಿಯದು. ಒಂದೇ ಒಂದು ತಪ್ಪೂ ಮಾಡದವರಿಗೆ ಸರ್ಕಾರ ಕೊಡುವ ಪಟ್ಟಿ ಅದು. ಅಕ್ಕ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದವಳು ಆಮೇಲೆ ಮೂವತ್ತೊಂಬತ್ತು ವರ್ಷ ಕಾರಿನ ಬಲಗಡೆಗೆ ಹತ್ತಿಯೇ ಇರಲಿಲ್ಲ, ತಪ್ಪು ಎಲ್ಲಿಂದ ಮಾಡುತ್ತಾಳೆ? ನಮ್ಮ ದೇಶದಲ್ಲಿ ಇಂಥ ಚಿನ್ನದ ಗಟ್ಟಿಗಳು ಬೇಕಾದಷ್ಟಿವೆ, ಎಲ್ಲ ಕಪಾಟಿನಲ್ಲಿ.

ಈಗ ಅವಳು ಓಡಿಸಲೇಬೇಕಾಗಿತ್ತು. ಮಗಳು ಕಸುಮಿ ಚೊಚ್ಚಲ ಬಸುರಿ, ಡಿಸೆಂಬರ್ ಹತ್ತರ ಸುಮಾರಿಗೆ ದಿನ. ಅಳಿಯ ದೂರದ ಕಡಲಿನ ಮೀನು ಹಡಗಿನಲ್ಲಿದ್ದ, ಜನವರಿಯವರೆಗೆ ಬರುವಂತಿರಲಿಲ್ಲ. ಹೆರಿಗೆಗೆ ತಾಯಿಯ ಮನೆಗೆ ಬರುವುದು ನಮ್ಮ ರೂಢಿ, ನವೆಂಬರಿಗೆ ಬರುತ್ತೇನೆ ಎಂದು ಹುಡುಗಿ ಆಗಲೇ ಹೇಳಿಯಾಗಿತ್ತು. ಆದರೆ ನಮ್ಮೂರಿನಲ್ಲಿ ಹೆರಿಗೆ ಮಾಡಿಸುವ ವೈದ್ಯರಿಲ್ಲದೆ ಹನ್ನೊಂದು ವರ್ಷವಾಗಿದೆ. ಆಸ್ಪತ್ರೆ ಇರುವುದು ಘಾಟಿಯ ಆಚೆ, ಎಪ್ಪತ್ತು ಕಿಲೋಮೀಟರ್ ದೂರ. ರೈಲು ಹೋಯಿತು, ಬಸ್ಸು ದಿನಕ್ಕೆ ಎರಡು, ಆಂಬುಲೆನ್ಸ್ ಊರಿಗೆಲ್ಲ ಒಂದು. ನೋವು ಬಂದ ದಿನ ಹಿಮದ ಘಾಟಿ ದಾಟಿಸುವವರು ಮನೆಯಲ್ಲಿ ಯಾರಾದರೂ ಇರಬೇಕು. ಇಲ್ಲದಿದ್ದರೆ ಕಸುಮಿ ಕಡಲಾಚೆಯ ಸೆಂದೈ ಪಟ್ಟಣದಲ್ಲಿರುವ ಅತ್ತೆಯ ಮನೆಗೆ ಹೋಗಬೇಕು. ಅತ್ತೆ ಒಳ್ಳೆಯವರೇ. ಆದರೆ ಮಗಳಿಗೆ ಬೇಕಾಗಿದ್ದುದು ಅಮ್ಮ, ಅಮ್ಮನಿಗೆ ಬೇಕಾಗಿದ್ದುದು ಮಗಳು.

ಹಾಗಾಗಿ ಆಗಸ್ಟಿನಿಂದ ಹಳೆಯ ರೈಲ್ವೆ ಮೈದಾನದಲ್ಲಿ ಅಭ್ಯಾಸ ನಡೆಯಿತು. ಅಕ್ಕ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಡ್ರೈವರು, ಬೆರಳು ಚಾಚಿಕೊಂಡು. ಅವಳು ಪೆಡಲ್ ಮುಟ್ಟುವುದೇ ತಡ, ಕಾರು ಚಂಗನೆ ನೆಗೆಯುತ್ತಿತ್ತು. ಬ್ರೇಕು ಹಾಕಿದರೆ ಇಬ್ಬರ ಹಣೆಯೂ ಮುಂದಕ್ಕೆ. ಬೇಲಿಯ ಮೇಲೆ ಕೂತ ಕಾಗೆಗಳು ಮೊದಲ ವಾರ ಹಾರುತ್ತಿದ್ದವು, ಎರಡನೆಯ ವಾರದಿಂದ ನೋಡಲು ಬರತೊಡಗಿದವು. ಡ್ರೈವರು ಒಂದೇ ಮಾತು ಹೇಳುತ್ತಿದ್ದರಂತೆ: "ಕಾಲು ಭಾರ ನಿಂದು. ಪೆಡಲ್ ಕೆಳಗೆ ಮೊಟ್ಟೆ ಇದೆ ಅಂದ್ಕೊ."

ಈ ಮಾತು ಬೇರೆ ಯಾರಿಗೆ ಹೇಳಿದ್ದರೂ ನಕ್ಕು ಮರೆಯುತ್ತಿದ್ದರು. ತೊಕಿಯೆ ಅಕ್ಕ ಮೂವತ್ತೆರಡು ವರ್ಷ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದವಳು. ನಮ್ಮೂರಿನಲ್ಲಿ ನಲವತ್ತರ ಆಸುಪಾಸಿನವರೆಲ್ಲ ಅವಳು ಹೊಲಿದ ಕಾಲರು ಹಾಕಿಕೊಂಡೇ ದೊಡ್ಡವರಾದದ್ದು. ಹೊಲಿಗೆ ಯಂತ್ರದ ಪೆಡಲಿನ ಮೇಲೆ ಅವಳ ಕಾಲು ಒಂದು ಹೊಲಿಗೆ ಅಂದರೆ ಒಂದೇ ಹೊಲಿಗೆ ಹಾಕಿ ನಿಲ್ಲುತ್ತಿತ್ತು. ಆ ಕಾಲನ್ನು ಭಾರ ಎಂದರು. ಅವಳು ನಂಬಿಬಿಟ್ಟಳು. ವಯಸ್ಸಾದ ಮೇಲೆ ಕಾಲು ಹೀಗಾಗುತ್ತದೇನೋ ಎಂದುಕೊಂಡು ಬಚ್ಚಲಲ್ಲಿ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದಳಂತೆ. ನನಗೆ ಹೇಳಿದಾಗ ನಾನೇನು ಮಾಡಿದೆ? ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಅನ್ನೋದನ್ನ ಕೇಳಿದ್ದೀನಿ, ಕಾಲೇ ಡೊಂಕು ಅನ್ನೋಳನ್ನ ನಿನ್ನನ್ನೇ ನೋಡಿದ್ದು ಎಂದೆ. ಆಮೇಲೆ ಅದಕ್ಕೆ ನನಗೇ ನಾಚಿಕೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಹುಳು ಹಾರಿದ ಮೂರನೆಯ ದಿನ ಅಕ್ಕ ಒಬ್ಬಳೇ ನಡೆದುಕೊಂಡು ಬಂದಳು. ಕೈಯಲ್ಲಿ ಹೊಲಿಗೆಯ ಟೇಪು, ಕಳೆದ ತಿಂಗಳಿನ ಕ್ಯಾಲೆಂಡರ್ ಹಾಳೆ. ಹಾಳೆಯ ಹಿಂಬದಿಯಲ್ಲಿ ಲೆಕ್ಕ. ಟೈರಿನ ಮೈಮೇಲೆ ಬರೆದಿರುವ ಸಂಖ್ಯೆ ನಮ್ಮೂರಿನಲ್ಲಿ ಅರ್ಧಕ್ಕರ್ಧ ಜನರಿಗೆ ಅರ್ಥವಾಗುವುದಿಲ್ಲ, ನನ್ನ ಗಂಡನಿಗೂ ಸೇರಿಸಿ. ಇವಳು ಎರಡು ರಾತ್ರಿಯಲ್ಲಿ ಬಿಡಿಸಿಕೊಂಡಿದ್ದಳು. ಮೊದಲನೆಯದು ಅಗಲ, ನೂರ ಐವತ್ತೈದು ಮಿಲಿಮೀಟರ್. ಎರಡನೆಯದು ಅರವತ್ತೈದು, ಅಗಲದ ನೂರಕ್ಕೆ ಅಷ್ಟು ಪಾಲು ಟೈರಿನ ಗೋಡೆಯ ಎತ್ತರ. ಕೊನೆಯ ಹದಿನಾಲ್ಕು ಒಳಗಿನ ಗಾಲಿಯ ಇಂಚು. "ಎದೆ ಸುತ್ತಳತೆ, ತೋಳಿನ ಉದ್ದ, ಕಾಲರು, ಅಷ್ಟೇ ತಾನೆ," ಎಂದಳು.

ಅವಳ ಪ್ರಶ್ನೆ ಬೇರೆ ಇತ್ತು. ಹಸೆಬೆ ಹೊಸ ಟೈರು ಕೊಂಡಿದ್ದರಿಂದ ತಮ್ಮ ಹಳೆಯ ನಾಲ್ಕನ್ನು ಗಾಲಿಯ ಸಮೇತ ಸುಮ್ಮನೆ ಕೊಡುತ್ತೇನೆ ಎಂದಿದ್ದರು. ಎರಡೇ ಚಳಿಗಾಲ ಓಡಿದ್ದವು, ಉಗುರು ಒತ್ತಿದರೆ ರಬ್ಬರು ಇನ್ನೂ ಮೆತ್ತಗಿತ್ತು. ಆದರೆ ಅವು ಹದಿಮೂರು ಇಂಚಿನವು. ಅಗಲ ನೂರ ನಲವತ್ತೈದು, ಗೋಡೆ ಎಂಬತ್ತು. ಚಳಿಗಾಲಕ್ಕೆ ಒಂದು ಇಂಚು ಇಳಿಸಿ ಹಾಕುವುದು ನಮ್ಮಲ್ಲಿ ಬಹಳ ಜನ ಮಾಡುವುದೇ. ಕಿರಿದಾದ ಟೈರು ಹಿಮವನ್ನು ಸೀಳಿಕೊಂಡು ನೆಲ ಹಿಡಿಯುತ್ತದೆ, ಎತ್ತರದ ಗೋಡೆ ಹೊಂಡಕ್ಕೆ ಬಗ್ಗುತ್ತದೆ. ಅಕ್ಕ ಎರಡೂ ಟೈರಿನ ಪೂರ್ತಿ ಎತ್ತರವನ್ನು ಲೆಕ್ಕ ಹಾಕಿದ್ದಳು. ಒಂದು ಐನೂರ ಐವತ್ತೇಳು ಮಿಲಿಮೀಟರ್, ಇನ್ನೊಂದು ಐನೂರ ಅರವತ್ತೆರಡು. ಐದು ಮಿಲಿಮೀಟರ್ ಅಂದರೆ ಬಟ್ಟೆ ಮಡಿಸಿ ಹೊಲಿಯುವ ಅಂಚಿನಷ್ಟೂ ಅಲ್ಲ. ಹಸೆಬೆ ಕಾರಿಗೆ ಕೂತಿದ್ದು ಇದಕ್ಕೂ ಕೂರಬೇಕಲ್ಲವೇ ಎಂದು ಕೇಳಿದಳು. ಕೂರುತ್ತದೆ ಎಂದೆ. ಅಟ್ಟದ ಮೇಲಿನ ನಾಲ್ಕು ಟೈರು ನೆನಪಾಗಿ ಒಂದು ಕ್ಷಣ ನಾಲಿಗೆ ತುದಿಗೆ ಬಂತು. ಉಡುಗೊರೆಯ ಗುಟ್ಟು ಒಡೆಯಬಾರದೆಂದು ನುಂಗಿಕೊಂಡೆ. ಜೀವನದಲ್ಲಿ ಒಂದು ಸಲ ಬಾಯಿ ಮುಚ್ಚಿದ್ದು, ಅದೂ ತಪ್ಪಾದ ಜಾಗದಲ್ಲಿ.

ಮನೆಯಲ್ಲಿ ಡ್ರೈವರು ಹದಿಮೂರು ಇಂಚು ಬೇಡವೆಂದರಂತೆ. ಮೊದಲ ದಿನ ಹೇಳಿದ್ದು, ಗಾಲಿಯ ಬಣ್ಣ ಕಾರಿಗೆ ಒಪ್ಪುವುದಿಲ್ಲ ಎಂದು. ಎರಡನೆಯ ದಿನ, ಇನ್ನೊಬ್ಬರು ತುಳಿದು ಬಿಟ್ಟ ಟೈರು ಬಸುರಿ ಕೂರುವ ಕಾರಿಗೆ ಒಳ್ಳೆಯದಲ್ಲ ಎಂದು. ಮೂರನೆಯ ದಿನ, ಕಾರು ಸೈಕಲ್ಲಿನ ಹಾಗೆ ಕಾಣುತ್ತದೆ ಎಂದು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಊರೆಲ್ಲ ಓಡಾಡುವ ಮನುಷ್ಯನಿಗೆ ಕಾರಿನ ಚೆಂದದ ಮೇಲೆ ಅಷ್ಟು ಕಾಳಜಿ ಯಾವಾಗ ಬಂತು ಎಂದು ಅಕ್ಕನಿಗೆ ಅನುಮಾನ ಬರಬೇಕಿತ್ತು. ಅವಳ ಅನುಮಾನವೆಲ್ಲ ಆಗ ತನ್ನ ಕಾಲಿನ ಮೇಲೇ ಇತ್ತು.

ಅಕ್ಟೋಬರ್ ಇಪ್ಪತ್ತೆಂಟಕ್ಕೆ ಘಾಟಿಯ ತಲೆ ಬೆಳ್ಳಗಾಯಿತು. ಅವತ್ತು ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಬಂದರು. ಮನೆಯಿಂದ ಬಂಕಿಗೆ ನಾನೂರು ಮೀಟರ್, ಅಷ್ಟರಲ್ಲೇ ಮೂರು ಸಲ ನೆಗೆದಿತ್ತು ಕಾರು. ಅಕ್ಕ ಇಳಿದು, ಹಿಂದಿನ ಸೀಟಿನಿಂದ ಹಸೆಬೆಯ ಗಾಲಿಗಳನ್ನು ತಾನೇ ಎತ್ತಿಟ್ಟಳು. ಮುಖ ಬಾಡಿತ್ತು.

"ಮಿತ್ಸುಯೊ, ಇದೇ ಕೊನೇ ಪ್ರಯತ್ನ ಕಣೇ," ಎಂದಳು. "ಕಿರಿದು ಟೈರು ಹಾಕಿದ್ಮೇಲೂ ಹಿಂಗೇ ನೆಗೆದ್ರೆ ನನ್ನ ಕೈಲಾಗಲ್ಲ. ಹಿಮದ ಮೇಲೆ ನನ್ನ ಈ ಕಾಲನ್ನ ನಂಬಿ ಮಗಳನ್ನ ಕೂರಿಸ್ಕೊಳ್ಳಲ್ಲ. ಸಾಯಂಕಾಲ ಸೆಂದೈಗೆ ಫೋನ್ ಮಾಡ್ಬಿಡ್ತೀನಿ."

ನಾನು ಜಾಕು ತಳ್ಳಿಕೊಂಡು ಬಂದೆ. ಡ್ರೈವರು ಎರಡು ಹೆಜ್ಜೆ ಮುಂದೆ ಬಂದು, ಇವತ್ತು ದಿನ ಚೆನ್ನಾಗಿಲ್ಲ, ಕ್ಯಾಲೆಂಡರಿನಲ್ಲಿ ಕೆಟ್ಟ ದಿನ ಎಂದು ಹಾಕಿದ್ದಾರೆ, ನಾಳೆ ಮಾಡೋಣವೇ ಎಂದರು. ಮದುವೆಯನ್ನೇ ಕೆಟ್ಟ ದಿನದಲ್ಲಿ ಇಟ್ಟುಕೊಂಡ ಜೋಡಿ ಇದು, ಅವತ್ತಷ್ಟೇ ರಜೆ ಸಿಕ್ಕಿತ್ತು ಎಂದು. ನಾನು ಅವರನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನ ಎಡಗಾಲಿ ಬಿಚ್ಚಿದೆ.

ಹಸೆಬೆಯ ಗಾಲಿಯನ್ನು ಎತ್ತಿ ಇಟ್ಟೆ. ಬೋಲ್ಟಿನ ತೂತುಗಳು ನಾಲ್ಕೂ ಸರಿಯಾಗಿ ಎದುರು ಬಂದವು. ಆದರೆ ಗಾಲಿ ಒಳಗೆ ಹೋಗಿ ಕೂರಲಿಲ್ಲ. ಏನೋ ಮಣ್ಣು ಸಿಕ್ಕಿರಬೇಕೆಂದು ಒರೆಸಿ ಮತ್ತೆ ಇಟ್ಟೆ. ಟಣ್ ಎಂದಿತು, ನಿಂತಿತು. ಕೈಯಿಂದ ತಿರುಗಿಸಿ ನೋಡಿದೆ, ಒಂದು ಬೆರಳಗಲವೂ ತಿರುಗಲಿಲ್ಲ. ಬಗ್ಗಿ ಟಾರ್ಚ್ ಬಿಟ್ಟೆ. ಬ್ರೇಕಿನ ತಟ್ಟೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಭಾಗ ಇರುತ್ತದಲ್ಲ, ಅದು ಗಾಲಿಯ ಒಳಮೈಗೆ ತಾಗುತ್ತಿತ್ತು. ತಟ್ಟೆಯೇ ದೊಡ್ಡದು. ಹಸೆಬೆಯ ಕಾರಿನದನ್ನು ನಾನು ವರ್ಷವೂ ನೋಡುತ್ತೇನೆ, ಅದು ಇಷ್ಟು ದೊಡ್ಡದಲ್ಲ. ಇಷ್ಟು ಪುಟ್ಟ ಕಾರಿಗೆ ಇಷ್ಟು ದೊಡ್ಡ ಬ್ರೇಕು ಯಾಕೆ ಹಾಕುತ್ತಾರೆ?

ತಲೆಯೆತ್ತಿದೆ. ಡ್ರೈವರು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನಿನ್ನೂ ಕುಂಬಳಕಾಯಿ ಅಂದೇ ಇರಲಿಲ್ಲ.

ಎದ್ದು ಹೋಗಿ ಬಾನೆಟ್ ಎತ್ತಿದೆ. ಈ ಕಾರಿನ ಬಾನೆಟ್ ನಾನು ತೆರೆದದ್ದು ಅದೇ ಮೊದಲು, ಎಣ್ಣೆ ಬದಲಾಯಿಸುವುದೆಲ್ಲ ತಾನೇ ಮಾಡುತ್ತೇನೆಂದು ಡ್ರೈವರು ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ. ನೋಡಿದ ಕೂಡಲೇ ಎಲ್ಲವೂ ಒಟ್ಟಿಗೇ ಹೊಳೆಯಿತು. ಅಟ್ಟದ ಮೇಲಿನ ಹದಿನಾಲ್ಕು ಇಂಚಿನ ಗುಟ್ಟು. ಹಿಂಬಾಗಿಲಿನ ಮೇಲೆ, ಅಂಟಿಸಿದ್ದ ಅಕ್ಷರ ಕಿತ್ತಂತೆ ಒಂದು ಕಡೆ ಮಾತ್ರ ಹೊಳೆಯುತ್ತಿದ್ದ ಬಣ್ಣ. ಕಾಗೆಗಳಿಗೆ ತಮಾಷೆ ಕೊಟ್ಟ ನೆಗೆತ.

"ಅಕ್ಕ, ಇದು ಟರ್ಬೊ," ಎಂದೆ.

"ಹಂಗಂದ್ರೆ?"

ಹೇಗೆ ಹೇಳುವುದು? ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಇದೆ, ಕಾಲು ಸ್ವಲ್ಪ ಊರಿದರೂ ಕಾರು ತುಂಬಾ ಓಡುತ್ತದೆ, ಅದಕ್ಕೇ ಬ್ರೇಕೂ ದೊಡ್ಡದು, ಅದಕ್ಕೇ ಹದಿಮೂರರ ಗಾಲಿ ಕೂರುವುದಿಲ್ಲ, ಹಸೆಬೆಯದು ಸಾದಾ ಕಾರು, ಇದು ಸಾದಾ ಅಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ತನ್ನ ಬಲಗಾಲಿನ ಕಡೆ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಹಾಗಾದ್ರೆ ನನ್ನ ಕಾಲು?"

"ನಿನ್ನ ಕಾಲಿಗೇನೂ ಆಗಿಲ್ಲ. ನೆಲಾನೇ ಡೊಂಕಾಗಿತ್ತು."

ಅವಳು ಗಂಡನ ಕಡೆ ತಿರುಗಿದಳು. ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ. ಮರ್ಯಾದಸ್ಥಳಾಗಿದ್ದರೆ ಒಳಗೆ ಹೋಗಬೇಕಿತ್ತು.

ಡ್ರೈವರು ಟೋಪಿ ತೆಗೆದರು. ಹೇಳಬೇಕಾದ್ದನ್ನು ನಿಂತಲ್ಲೇ, ವರದಿ ಒಪ್ಪಿಸುವವರಂತೆ ಹೇಳಿದರು. ಮೂವತ್ತೊಂಬತ್ತು ವರ್ಷ ಅದೇ ಘಾಟಿಯನ್ನು ಗಂಟೆಗೆ ಮೂವತ್ತೈದು ಕಿಲೋಮೀಟರಿನಲ್ಲಿ ಹತ್ತಿದ್ದರು, ಒಂದು ಬೋಗಿ, ಏದುಸಿರು ಬಿಡುವ ಡೀಸೆಲ್ ಎಂಜಿನ್. ಒಂದು ಸಲ, ಸಾಯುವುದರೊಳಗೆ ಒಂದೇ ಸಲ, ಆ ಏರನ್ನು ಎಂಜಿನ್ ಏದದ ಹಾಗೆ ಹತ್ತಬೇಕೆಂದು ಆಸೆಯಿತ್ತು. ಎಪ್ಪತ್ತೊಂದು ವರ್ಷದ ಮುದುಕ ಹಾಗೆ ಹೇಳಲು ನಾಚಿಕೆ. ಮಾತು ಬೇರೆ ಕೊಟ್ಟಾಗಿತ್ತು. ಕಾರಿನ ಹಿಂದಿದ್ದ ‘ಟರ್ಬೊ’ ಅಕ್ಷರ ಕಿತ್ತುಹಾಕಿದರು. ಆ ಏರು ಹತ್ತುವ ಮೊದಲೇ ಕಣ್ಣು ಹೋಯಿತು, ಇನ್ನು ಹೇಳಿಬಿಡೋಣ ಎಂದುಕೊಂಡರು, ಅಷ್ಟರಲ್ಲಿ ಅಭ್ಯಾಸ ಶುರುವಾಗಿ ‘ಕಾಲು ಭಾರ’ ಎಂದು ಬಾಯಿಂದ ಬಂದುಬಿಟ್ಟಿತ್ತು. ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ.

ತೊಕಿಯೆ ಅಕ್ಕ ದನಿಯೇರಿಸಲಿಲ್ಲ. "ರೀ, ನಿಮ್ಮ ಆಸೆ ನಂಗೆ ಅರ್ಥ ಆಗುತ್ತೆ," ಎಂದಳು. "ಕೇಳಿದ್ರೆ ಹೂಂ ಅಂತಿದ್ನೋ ಏನೋ. ಆದ್ರೆ ಮೂರು ತಿಂಗಳು ನನ್ನ ಕಾಲನ್ನ ಬೈದ್ರಲ್ಲ. ಮೂವತ್ತೆರಡು ವರ್ಷ ನಮ್ಮ ಮನೇಲಿ ಅರ್ಧ ಅನ್ನ ಹಾಕಿದ ಕಾಲು ಅದು. ಅದನ್ನ ನಾನೇ ನಂಬದ ಹಾಗೆ ಮಾಡಿದ್ರಿ."

ಡ್ರೈವರು ತಲೆ ತಗ್ಗಿಸಿದರು, ಸೊಂಟದವರೆಗೂ ಬಗ್ಗಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಎರಡನ್ನೂ ತಡೆದುಕೊಳ್ಳಲಾರದೆ ಅಟ್ಟ ಹತ್ತಿ ನಾಲ್ಕು ಟೈರು ಉರುಳಿಸಿದೆ. ಸೀಮೆಸುಣ್ಣದ ಹೆಸರು ನೋಡಿ ಅಕ್ಕನಿಗೆ ಉಳಿದದ್ದೂ ಅರ್ಥವಾಯಿತು. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದ ಮನುಷ್ಯ, ತಪ್ಪು ಟೈರಿನಲ್ಲಿ ಹೆಂಡತಿ ಮಕ್ಕಳನ್ನು ಘಾಟಿಗೆ ಕಳಿಸುವಷ್ಟು ಕೆಟ್ಟವನಾಗಿರಲಿಲ್ಲ. ಅವಳು ಟೇಪು ತೆಗೆದು ಒಂದು ಟೈರಿನ ಸುತ್ತಳತೆ ಹಿಡಿದಳು. ಟೈರಿನ ಮೈಮೇಲಿನ ಅಂಕಿ, ಕಾರಿನ ಬಾಗಿಲ ಒಳಗೆ ಅಂಟಿಸಿದ ಚೀಟಿಯ ಅಂಕಿ, ತನ್ನ ಕ್ಯಾಲೆಂಡರ್ ಹಾಳೆಯ ಅಂಕಿ, ಮೂರನ್ನೂ ಹೊಂದಿಸಿ ನೋಡಿದಳು. "ಇದು ಸರಿಯಾದ ಅಳತೆ. ಹಾಕು," ಎಂದಳು. ಕೊನೆಯ ನಟ್ಟುಗಳನ್ನು ಬಿಗಿಯಲು ನನ್ನ ಕೈಯಿಂದ ಸ್ಪ್ಯಾನರ್ ತಾನೇ ತೆಗೆದುಕೊಂಡಳು.

ಡ್ರೈವರು ರೂಢಿಯಂತೆ ಎಡಗಡೆಯ ಬಾಗಿಲಿಗೆ ಕೈ ಹಾಕಿದರು.

"ನೀವು ಹಿಂದೆ," ಎಂದಳು ಅಕ್ಕ.

ಸಾಯಂಕಾಲ ಸೆಂದೈಗೆ ಫೋನ್ ಹೋಗಲಿಲ್ಲ. ಮನೆಯಲ್ಲಿ ಮಾತೂ ಹೋಗಲಿಲ್ಲ ಎಂದು ಕೇಳಿದೆ. ಉಪ್ಪು ಸಾಲ್ಮನ್, ಅನ್ನ, ಮೂಲಂಗಿ ಉಪ್ಪಿನಕಾಯಿ ಎಲ್ಲ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳಂತೆ, ಬಾಯಿ ಮಾತ್ರ ಬಿಡುತ್ತಿರಲಿಲ್ಲವಂತೆ. ಡ್ರೈವರು ಒಲೆ ಆರಿಸಿ ಬೆರಳು ತೋರಿಸಿದರೂ ‘ಸರಿ’ ಎನ್ನಲು ಧೈರ್ಯವಾಗದೆ ಬೆರಳು ಮಡಚಿಕೊಳ್ಳುತ್ತಿದ್ದರಂತೆ.

ನಾಲ್ಕನೆಯ ದಿನ ನನ್ನನ್ನು ಕರೆದಳು, ಘಾಟಿ ಹತ್ತಿ ಇಳಿಯೋಣ ಎಂದು. ನಾನು ಮುಂದೆ ಅವಳ ಪಕ್ಕದಲ್ಲಿ, ಡ್ರೈವರು ಹಿಂದೆ, ಕೈ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು. ಊರು ದಾಟುವವರೆಗೆ ಕಾರು ಒಂದು ಸಲ ಸಣ್ಣಗೆ ಬೆಚ್ಚಿತು, ಅಷ್ಟೇ. ಅದು ತಾನಾಗಿ ಓಡುವ ಕುದುರೆ ಎಂದು ಗೊತ್ತಾದ ಮೇಲೆ ಅವಳು ಒತ್ತುವುದನ್ನೇ ಬಿಟ್ಟಿದ್ದಳು. ಕಾಲರಿನ ತಿರುವಿನಲ್ಲಿ ಹೊಲಿಗೆ ಹಾಕುವಾಗ ಹೇಗೆ ಬೆರಳಿನ ತುದಿಯಲ್ಲಿ ಒತ್ತುತ್ತಾರೋ ಹಾಗೆ. ಮೇಲೆ ಹೋದಂತೆ ರಸ್ತೆ ಬೆಳ್ಳಗಾಯಿತು. ಟೈರು ಹಿಮವನ್ನು ಒತ್ತುವ ಕಿರಕಿರ ಸದ್ದು ಬಂತು, ಕಾರು ಎಲ್ಲಿಯೂ ಜಾರಲಿಲ್ಲ.

ಏರಿನ ನಡುವೆ ಸಕ್ಕರೆ ಮಾಡುವ ಬೀಟ್ ಗೆಡ್ಡೆ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಅಲ್ಲಿ ರಸ್ತೆಗೆ ಇನ್ನೊಂದು ಪಟ್ಟಿ ಇದೆ. ಅಕ್ಕ ಕನ್ನಡಿ ನೋಡಿದಳು, ದೀಪ ಹಾಕಿದಳು, ಕಾಲನ್ನು ಒಂದು ಹೊಲಿಗೆಯಷ್ಟು ಊರಿದಳು. ಎಂಜಿನ್ ಏದಲಿಲ್ಲ. ಲಾರಿ ಸುಮ್ಮನೆ ಹಿಂದಕ್ಕೆ ಹೋಯಿತು. ನಾನು ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಆ ಮುದುಕರು ಬಾಯಿ ಅರ್ಧ ತೆರೆದುಕೊಂಡು, ಕಣ್ಣಿನಲ್ಲಿ ನೀರು ತುಂಬಿಕೊಂಡು, ರೈಲಿನ ಮುಂದಿನ ಗಾಜಿಗೆ ಮೂಗು ಒತ್ತಿ ನಿಂತ ಮಗುವಿನ ಹಾಗೆ ಕೂತಿದ್ದರು. ಅಕ್ಕನೂ ಕನ್ನಡಿಯಲ್ಲಿ ಅದನ್ನು ನೋಡಿದಳು.

"ಚೆನ್ನಾಗಿ ಹತ್ತುತ್ತೆ," ಎಂದಳು. ನಾಲ್ಕು ದಿನದಲ್ಲಿ ಗಂಡನ ಜೊತೆ ಆಡಿದ ಮೊದಲ ಮಾತು.

ನವೆಂಬರಿನಲ್ಲಿ ಕಸುಮಿ ಬಂದಳು. ಡಿಸೆಂಬರ್ ಏಳರ ಬೆಳಿಗ್ಗೆ ಏಳೂವರೆಗೆ ನಾನು ಬಂಕಿನ ಮುಂದಿನ ಹಿಮ ಎಳೆಯುತ್ತಿದ್ದಾಗ ಕೆನೆ ಬಣ್ಣದ ಕಾರು ಬಂದು ನಿಂತಿತು. ಮಗಳು ಹಿಂದಿನ ಸೀಟಿನಲ್ಲಿ ದಿಂಬು ಅಪ್ಪಿಕೊಂಡು ಒರಗಿದ್ದಳು. ಮುಂದಿನಿಂದ ಡ್ರೈವರು ಇಳಿದರು. ತಾನಿದ್ದರೆ ದಾರಿಯುದ್ದಕ್ಕೂ ಬೆರಳು ತೋರಿಸುತ್ತೇನೆ, ಮಗಳು ನಗುತ್ತಾಳೆ, ನಕ್ಕರೆ ನೋವಾಗುತ್ತದೆ, ಇಲ್ಲೇ ಇರುತ್ತೇನೆ ಎಂದರು. ಬಂಕಿನಿಂದ ಹೊರಡುವ ಕಾರಿಗೆ ರಸ್ತೆಗಿಳಿದು ದಾರಿ ಮಾಡಿಕೊಡುವುದು ನನ್ನ ಕೆಲಸ. ಅವತ್ತು ಅವರು ನನ್ನ ಕೆಂಪು ಬಾವುಟ ಕಿತ್ತುಕೊಂಡು ರಸ್ತೆಯ ಮಧ್ಯೆ ಹೋಗಿ ನಿಂತರು. ಕತ್ತನ್ನು ಪೂರ್ತಿ ತಿರುಗಿಸಿ ಬಲಕ್ಕೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಅಂಚಿನದು ಕಾಣದ ಆ ಕಣ್ಣನ್ನು ಅವರು ನಂಬುತ್ತಿಲ್ಲ ಎಂದು ಆಗ ಗೊತ್ತಾಯಿತು. ಯಾರೂ ಬರುತ್ತಿಲ್ಲ ಎಂದೆ.

"ಬಲಗಡೆ, ಸರಿ. ಎಡಗಡೆ, ಸರಿ." ಆರು ವರ್ಷದ ಮೇಲೆ ಆ ದನಿ ಪೂರ್ತಿಯಾಗಿ ಬಂತು. "ಟೈರು, ಸರಿ."

ಅಷ್ಟಕ್ಕೇ ನಿಲ್ಲಿಸಿದರು. ಇನ್ನೂ ಏನೋ ಹೇಳಲಿಕ್ಕಿದೆ ಎಂದು ಬೆರಳು ಅಲ್ಲೇ ನಿಂತಿತ್ತು. ಅಕ್ಕ ಕಾಯಲಿಲ್ಲ, ಕಾಯುವ ಹೊತ್ತೂ ಅಲ್ಲ. ಗಾಜು ಇಳಿಸಿ, ಕೈ ಹೊರಗೆ ಚಾಚಿ, ಘಾಟಿಯ ಕಡೆ ಬೆರಳು ತೋರಿಸಿ "ಹೊರಟೆ" ಎಂದಳು. ಕಾರು ಒಂದಿಷ್ಟೂ ನೆಗೆಯದೆ ರಸ್ತೆಗಿಳಿಯಿತು.

ಡ್ರೈವರು ನನ್ನ ಆಫೀಸಿನಲ್ಲಿ ಸೀಮೆಎಣ್ಣೆ ಒಲೆಯ ಮುಂದೆ ಕೂತರು. ಜೋಳದ ಸಾರಿನ ಡಬ್ಬಿ ಕೊಟ್ಟೆ, ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದರು.

ಹನ್ನೆರಡೂ ಹತ್ತಕ್ಕೆ ಫೋನ್ ಬಂತು. ಹೆಣ್ಣು ಮಗು, ಮೂರು ಕಿಲೋಗೆ ಸ್ವಲ್ಪ ಕಡಿಮೆ, ಇಬ್ಬರೂ ಚೆನ್ನಾಗಿದ್ದಾರೆ. ಡ್ರೈವರು ‘ಹೂಂ, ಹೂಂ’ ಎಂದರು. ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದೆ ಎಂದು ಕೇಳಿದರು. ಉತ್ತರ ಕೇಳಿ ಬಾಯಲ್ಲೇ ಲೆಕ್ಕ ಹಾಕಿದರು, ಹುಬ್ಬು ಮೇಲೇರಿತು. ಮಿತಿಯಲ್ಲಿ ಹೋಗಿದ್ದರೆ ಇನ್ನೂ ಆರು ನಿಮಿಷ ಬೇಕಿತ್ತು, ನನಗೂ ಅಷ್ಟು ಲೆಕ್ಕ ಬರುತ್ತದೆ. "ಕಾಲು ಸ್ವಲ್ಪ..." ಎಂದು ಶುರುಮಾಡಿದರು. ನಾನು ಕಣ್ಣು ದೊಡ್ಡದು ಮಾಡಿದೆ.

ಅವರು ಎದ್ದು ನಿಂತರು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ ಎತ್ತಿ, ಕಿಟಕಿಯಾಚೆ ಬೆಳ್ಳಗೆ ಕಾಣುತ್ತಿದ್ದ ಘಾಟಿಗೆ ಬೆರಳು ತೋರಿಸಿ, ನನ್ನ ಆಫೀಸಿನ ಗಾಜು ನಡುಗುವ ಹಾಗೆ ಕೂಗಿದರು.

"ಕಾಲು, ಸರಿ!"

ಆ ಕಡೆಯಿಂದ ಅಕ್ಕ ಏನೋ ಹೇಳಿದ್ದು ನನಗೆ ಕೇಳಿಸಲಿಲ್ಲ. ಡ್ರೈವರು ಫೋನ್ ಇಟ್ಟು, ತೋಳಿನಿಂದ ಮೂಗು ಒರೆಸಿಕೊಂಡು, ಆರಿದ ಸಾರಿನ ಡಬ್ಬಿ ತೆರೆದರು.

ಏನಂದಳು ಎಂದು ಕೇಳಿದೆ.

"ಊಟದ ಹೊತ್ತಾಯ್ತಲ್ಲ," ಎಂದರು. "ಪೆಡಲ್ ಕೆಳಗಿನ ಮೊಟ್ಟೆ ಇನ್ನೂ ಒಡೆದಿಲ್ಲ, ಮನೆಗೆ ಹೋಗಿ ಬೇಯಿಸ್ಕೊಂಡು ತಿನ್ನಿ ಅಂದ್ಳು."